ಹ್ಯಾವ್ ಹಾಕಿದರೂ ನೀಲಿ ಗೆರೆ: ಪ್ರೆಸೆಂಟ್ ಪರ್ಫೆಕ್ಟ್ ಗೊತ್ತಿರುವವರು ನೋಡಿ

ಕೆಂಗೇರಿ ಲೋಕಲ್:
ತಲೆ ಕೆಟ್ಟು ಹೋಗಿದೆ. ಲಂಡನ್ ಕ್ಲೈಂಟ್‌ಗೆ ದಿನಾ ಸ್ಟೇಟಸ್ ಮೇಲ್ ಕಳಿಸಬೇಕು. ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ ಬರೆದರೆ ಸಾಕು, ಗ್ರಾಮರ್ ಚೆಕ್ಕರ್ ನೀಲಿ ಗೆರೆ ಎಳೆಯುತ್ತದೆ. ಮೊನ್ನೆ ಟೀಂ ಲೀಡ್ ಕೂಡ "ಟೆನ್ಸ್ ನೋಡ್ಕೊಳ್ಳಿ" ಅಂತ ಮೇಲ್ ವಾಪಸ್ ಕಳಿಸಿದರು. ಏನು ನೋಡ್ಕೊಳ್ಳಬೇಕು ಅಂತ ಮಾತ್ರ ಹೇಳಲಿಲ್ಲ.

ಸ್ಕೂಲಲ್ಲಿ ಹೇಳಿಕೊಟ್ಟ ಹಾಗೇ ಬರೆದಿದ್ದೇನೆ. ಐ, ವಿ, ಯು, ದೇ ಬಂದರೆ ಹ್ಯಾವ್. ಹಿ, ಶಿ, ಇಟ್ ಬಂದರೆ ಹ್ಯಾಸ್. ಆಮೇಲೆ ವಿ-ತ್ರೀ, ಅಂದರೆ ಕ್ರಿಯಾಪದದ ಮೂರನೇ ರೂಪ. "ಐ ಹ್ಯಾವ್ ಸೆಂಟ್ ದ ರಿಪೋರ್ಟ್..." ಇದರಲ್ಲಿ ಏನು ತಪ್ಪು? ಚೆಕ್ಕರ್ ಕೆಟ್ಟಿದೆಯಾ?

ಬನಶಂಕರಿ ಬೈಟ್ಸ್:
ವಿ-ತ್ರೀ ಚೆಕ್ ಮಾಡಿ. ನಮ್ಮವರ ಗಲಾಟೆ ಎಲ್ಲಾ ಅಲ್ಲೇ. ಗೋ-ವೆಂಟ್-ಗಾನ್, ಕಮ್-ಕೇಮ್-ಕಮ್. ಹ್ಯಾಸ್ ವೆಂಟ್, ಹ್ಯಾವ್ ಕೇಮ್ ಅಂತ ಎಲ್ಲಾದರೂ ಹಾಕಿರುತ್ತೀರ.

ಕೆಂಗೇರಿ ಲೋಕಲ್:
ಗುರು, ವಾಕ್ಯ ಅಲ್ಲೇ ಹಾಕಿದ್ದೇನಲ್ಲ. ಸೆಂಡ್-ಸೆಂಟ್-ಸೆಂಟ್. ಅದರಲ್ಲಿ ವೆಂಟ್ ಎಲ್ಲಿಂದ ಬಂತು?

ಎಸ್ ಪಿ ರೋಡ್ ಎಕ್ಸ್‌ಪರ್ಟ್:
ಇದು ಗ್ರಾಮರ್ ಪ್ರಾಬ್ಲಂ ಅಲ್ಲವೇ ಅಲ್ಲ, ಸೆಟ್ಟಿಂಗ್ ಪ್ರಾಬ್ಲಂ. ನಿಮ್ಮದು ಅಮೆರಿಕನ್ ಇಂಗ್ಲಿಷ್‌ನಲ್ಲಿದೆ. ಅವರು "ಐ ಜಸ್ಟ್ ಏಟ್" ಅಂತಾರೆ, ಬ್ರಿಟಿಷರು "ಐ ಹ್ಯಾವ್ ಜಸ್ಟ್ ಈಟನ್" ಅಂತಾರೆ. ಹ್ಯಾವ್ ಕಂಡರೆ ಅಮೆರಿಕದವರಿಗೆ ಅಲರ್ಜಿ. ವರ್ಡ್‌ನಲ್ಲಿ ಪ್ರೂಫಿಂಗ್ ಲ್ಯಾಂಗ್ವೇಜ್‌ಗೆ ಹೋಗಿ ಇಂಗ್ಲಿಷ್ ಇಂಡಿಯಾ ಮಾಡಿ. ಮುಗೀತು.

ಕೆಂಗೇರಿ ಲೋಕಲ್:
ಮಾಡಿದೆ. ಈಗ ಕಲರ್ ಸ್ಪೆಲ್ಲಿಂಗ್‌ನಲ್ಲಿ ಯು ಬೇಕು ಅನ್ನುತ್ತಿದೆ. ನೀಲಿ ಗೆರೆ ಇದ್ದಲ್ಲೇ ಇದೆ.

ಎಸ್ ಪಿ ರೋಡ್ ಎಕ್ಸ್‌ಪರ್ಟ್:
ಡಾಕ್ಯುಮೆಂಟ್ ಪೂರ್ತಿ ಸೆಲೆಕ್ಟ್ ಮಾಡಿ ಮಾಡಿದಿರಾ? ಸುಮ್ನೆ ಮಾಡಿದರೆ ಕೂತ್ಕೊಳ್ಳಲ್ಲ. ರೀಸ್ಟಾರ್ಟ್ ಮಾಡಿ. ಆಗಲಿಲ್ಲ ಅಂದರೆ ಚೆಕ್ಕರ್ ತೆಗೆದು ಮತ್ತೆ ಹಾಕಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇದೇ ಆಗಿತ್ತು.

ಬನಶಂಕರಿ ಬೈಟ್ಸ್:
ಅಮೆರಿಕದವರು ಹ್ಯಾವ್ ಬಳಸಲ್ಲ ಅಂತ ಯಾರು ಹೇಳಿದರು? "ಹ್ಯಾವ್ ಗಾಟನ್" ಅನ್ನೋದು ಅವರೇ ತಾನೆ. ಬ್ರಿಟಿಷರಲ್ಲಿ ಗೆಟ್-ಗಾಟ್-ಗಾಟ್, ಅಷ್ಟೇ.

ಎಸ್ ಪಿ ರೋಡ್ ಎಕ್ಸ್‌ಪರ್ಟ್:
ಗಾಟನ್ ವಿಷಯ ಇಲ್ಲಿ ಯಾಕೆ ಬಂತು? ನನಗೆ ಎರಡು ಮಾನಿಟರ್, ಒಂದರಲ್ಲಿ ಬ್ರಿಟಿಷ್ ಡಿಕ್ಷನರಿ, ಇನ್ನೊಂದರಲ್ಲಿ ಅಮೆರಿಕನ್, ಯಾವಾಗಲೂ ಓಪನ್. ಮೆಕ್ಯಾನಿಕಲ್ ಕೀಬೋರ್ಡ್, ನಾನೇ ಜೋಡಿಸಿದ್ದು. ಗೊತ್ತಿಲ್ಲದೆ ಮಾತಾಡಲ್ಲ.

ಬನಶಂಕರಿ ಬೈಟ್ಸ್:
ಕೀಬೋರ್ಡ್ ಜೋಡಿಸಿದರೆ ಗ್ರಾಮರ್ ಬರುತ್ತಾ ಸಾರ್? ನನ್ನ ಹತ್ತಿರ ಅವೆನ್ಯೂ ರೋಡಿನ ಫುಟ್‌ಪಾತ್‌ನಲ್ಲಿ ತಗೊಂಡ ಹಳೇ ಗ್ರಾಮರ್ ಪುಸ್ತಕ ಇದೆ. ರಟ್ಟು ಕಿತ್ತಿದೆ. ಕರೆಂಟ್ ಹೋದರೂ ನಡೆಯುತ್ತೆ.

ಕೆಂಪು ಇಂಕು:
ನಿಮ್ಮಿಬ್ಬರ ಜಗಳ ಆಮೇಲೆ. ಕೆಂಗೇರಿ, ವಾಕ್ಯದ ಕೊನೆಗೆ ಮೂರು ಚುಕ್ಕೆ ಇಟ್ಟಿದ್ದೀರಲ್ಲ, ಅಲ್ಲಿ ಏನಿತ್ತು?

ಕೆಂಗೇರಿ ಲೋಕಲ್:
"ಯೆಸ್ಟರ್ಡೇ ಈವ್ನಿಂಗ್" ಅಂತ ಇತ್ತು ಮೇಡಂ. ಅದು ಮುಖ್ಯ ಅಲ್ಲ ಅಂತ ಬಿಟ್ಟೆ. ಗೆರೆ ಇರೋದು ಹ್ಯಾವ್ ಸೆಂಟ್ ಕೆಳಗೆ.

ಕೆಂಪು ಇಂಕು:
ಅದೇ ಮುಖ್ಯ. ಹ್ಯಾವ್ ಸರಿ, ಸೆಂಟ್ ಸರಿ, ಎರಡನ್ನೂ ಯೆಸ್ಟರ್ಡೇ ಜೊತೆ ಕೂರಿಸಿದ್ದು ಸರಿಯಿಲ್ಲ. ಮುಗಿದು ಹೋದ ಸಮಯವನ್ನು ಹೆಸರಿಟ್ಟು ಹೇಳಿದರೆ ಇಂಗ್ಲಿಷ್ ಸಿಂಪಲ್ ಪಾಸ್ಟ್ ಕೇಳುತ್ತದೆ. ಯೆಸ್ಟರ್ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2014, ಎಲ್ಲಾ ಇದೇ ಗುಂಪು. "ಐ ಸೆಂಟ್ ದ ರಿಪೋರ್ಟ್ ಯೆಸ್ಟರ್ಡೇ ಈವ್ನಿಂಗ್" ಅನ್ನಿ. ಇಲ್ಲವಾ, ಯೆಸ್ಟರ್ಡೇ ಬಿಟ್ಟು "ಐ ಹ್ಯಾವ್ ಸೆಂಟ್ ದ ರಿಪೋರ್ಟ್" ಅನ್ನಿ. ಎರಡನೆಯದರಲ್ಲಿ ಯಾವಾಗ ಕಳಿಸಿದಿರಿ ಅನ್ನೋದು ಲೆಕ್ಕಕ್ಕಿಲ್ಲ. ರಿಪೋರ್ಟ್ ಈಗ ಅವರ ಕೈಯಲ್ಲಿದೆ, ವಿಷಯ ಅಷ್ಟೇ. ಕೇಳುವಾಗಲೂ ಹಾಗೇ. "ವೆನ್ ಹ್ಯಾವ್ ಯು ಸೆಂಟ್" ಅಲ್ಲ, "ವೆನ್ ಡಿಡ್ ಯು ಸೆಂಡ್".

ನಾವು ಎಡವೋದು ಯಾಕೆ ಅಂದರೆ, ಕನ್ನಡದಲ್ಲಿ "ನಿನ್ನೆ ಸಂಜೆನೇ ಕಳಿಸಿದ್ದೇನೆ" ಅಂದರೆ ಒಂದಿಷ್ಟೂ ತೊಂದರೆ ಇಲ್ಲ. ನಿನ್ನೆ ಪಕ್ಕದಲ್ಲಿ "ಇದ್ದೇನೆ" ಆರಾಮಾಗಿ ಕೂರುತ್ತದೆ. ಅದನ್ನೇ ಇಂಗ್ಲಿಷ್‌ಗೆ ಎತ್ತಿ ಇಟ್ಟರೆ ಹ್ಯಾವ್ ಬಂದುಬಿಡುತ್ತದೆ.

ನಮ್ಮ ಮೆಟ್ರೋ ತಗೊಳ್ಳಿ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಮೊದಲು ಓಡಿತು. "ಇಟ್ ಹ್ಯಾಸ್ ಸ್ಟಾರ್ಟೆಡ್ ಇನ್ 2011" ತಪ್ಪು. "ಇಟ್ ಸ್ಟಾರ್ಟೆಡ್ ಇನ್ 2011" ಸರಿ. "ಇಟ್ ಹ್ಯಾಸ್ ಬೀನ್ ರನ್ನಿಂಗ್ ಸಿನ್ಸ್ 2011" ಕೂಡ ಸರಿ, ಯಾಕೆಂದರೆ ಇವತ್ತೂ ಓಡುತ್ತಿದೆ. ಇಸವಿ ಒಂದೇ. ಇನ್ ಬಂದರೆ ಬಾಗಿಲು ಹಾಕಿದ ಹಾಗೆ, ಸಿನ್ಸ್ ಬಂದರೆ ಇವತ್ತಿನವರೆಗೂ ತೆರೆದ ಹಾಗೆ.

ಎಸ್ ಪಿ ರೋಡ್ ಎಕ್ಸ್‌ಪರ್ಟ್:
ಇದು ಬ್ರಿಟಿಷ್ ರೂಲ್ ಅಲ್ವಾ? ನಾನು ಹೇಳಿದ್ದೂ ಅದೇ. ಸೆಟ್ಟಿಂಗ್.

ಕೆಂಪು ಇಂಕು:
ಅಲ್ಲ ಸಾರ್. ಆ ವ್ಯತ್ಯಾಸ ಇರೋದು ಜಸ್ಟ್, ಆಲ್ರೆಡಿ, ಯೆಟ್ ಇರುವ ಕಡೆ. ಅಲ್ಲಿ ಅಮೆರಿಕದವರು ಸಿಂಪಲ್ ಪಾಸ್ಟ್ ಕೂಡ ಬಳಸುತ್ತಾರೆ. ಯೆಸ್ಟರ್ಡೇ ಜೊತೆ ಹ್ಯಾವ್ ಅಂದರೆ ಅಲ್ಲಿನ ಟೀಚರೂ ಸುತ್ತು ಹಾಕುತ್ತಾರೆ, ಇಲ್ಲಿನ ಟೀಚರೂ ಸುತ್ತು ಹಾಕುತ್ತಾರೆ.

ಎಸ್ ಪಿ ರೋಡ್ ಎಕ್ಸ್‌ಪರ್ಟ್:
ಇಂಡಿಯನ್ ಇಂಗ್ಲಿಷ್‌ನಲ್ಲಿ ಎಲ್ಲರೂ ಹೀಗೇ ಮಾತಾಡ್ತಾರೆ. ಯಾರಿಗೆ ಅರ್ಥ ಆಗಲ್ಲ?

ಕೆಂಪು ಇಂಕು:
ಎಲ್ಲರಿಗೂ ಅರ್ಥ ಆಗುತ್ತೆ. ಇಂಡಿಯನ್ ಇಂಗ್ಲಿಷ್‌ನ ಲಕ್ಷಣ ಅಂತ ಭಾಷಾ ಪಂಡಿತರೇ ಇದನ್ನು ಗುರುತಿಸಿದ್ದಾರೆ. ಕ್ಯಾಂಟೀನಿನಲ್ಲಿ ಧಾರಾಳವಾಗಿ ಮಾತಾಡಿ. ಮೇಲ್ ವಾಪಸ್ ಬಂದಿರೋದು ಕೆಂಗೇರಿಯವರಿಗೆ, ಅವರಿಗೆ ಬೇಕಾದ ಉತ್ತರ ಕೊಡೋಣ.

ಕೆಂಗೇರಿ ಲೋಕಲ್:
ಯೆಸ್ಟರ್ಡೇ ಈವ್ನಿಂಗ್ ತೆಗೆದೆ. ಗೆರೆ ಹೋಯಿತು! ಆದರೆ ಕೆಳಗೆ ಇನ್ನೊಂದು ಇದೆ. "ಐ ಆಮ್ ವರ್ಕಿಂಗ್ ಆನ್ ದಿಸ್ ಮಾಡ್ಯೂಲ್ ಸಿನ್ಸ್ ಟೂ ಇಯರ್ಸ್." ಇಲ್ಲಿ ಯೆಸ್ಟರ್ಡೇ ಇಲ್ಲವೇ ಇಲ್ಲ.

ಬನಶಂಕರಿ ಬೈಟ್ಸ್:
ಇದು ನಾನು ಹೇಳ್ತೀನಿ. "ಎರಡು ವರ್ಷದಿಂದ" ಅಂತ ತಲೆಯಲ್ಲಿ ಬಂದ ಕೂಡಲೇ ಸಿನ್ಸ್ ಬರುತ್ತೆ, ಅಲ್ವಾ? ಸಿನ್ಸ್ ಆದ ಮೇಲೆ ಶುರುವಾದ ದಿನ ಬರಬೇಕು, ಮಂಡೆ, ಜೂನ್, 2023 ಹೀಗೆ. ಎಷ್ಟು ಕಾಲ ಅನ್ನೋದಕ್ಕೆ ಫಾರ್. ಅಲ್ಲಿಂದ ಇಲ್ಲಿಯವರೆಗೂ ನಡೆದು ಬಂದ ಕೆಲಸ, ಹಾಗಾಗಿ ಆಮ್ ಸಾಲದು. "ಐ ಹ್ಯಾವ್ ಬೀನ್ ವರ್ಕಿಂಗ್ ಆನ್ ಇಟ್ ಫಾರ್ ಟೂ ಇಯರ್ಸ್." ಕಿತ್ತ ರಟ್ಟಿನ ಪುಸ್ತಕದಲ್ಲೇ ಇದೆ, ಮಾನಿಟರ್ ಬೇಕಿಲ್ಲ.

ಕೆಂಪು ಇಂಕು:
ಸರಿಯಾಗಿ ಹೇಳಿದಿರಿ. ಆಫೀಸ್ ಮೇಲ್‌ನಲ್ಲಿ ಕೆಲಸಕ್ಕೆ ಬರುವ ಇನ್ನೊಂದು: ಮ್ಯಾನೇಜರ್ "ಹ್ಯಾಸ್ ಗಾನ್ ಟು ಚೆನ್ನೈ" ಅಂದರೆ ಅವರು ಸೀಟಿನಲ್ಲಿಲ್ಲ. "ಹ್ಯಾಸ್ ಬೀನ್ ಟು ಚೆನ್ನೈ" ಅಂದರೆ ಹೋಗಿ ಬಂದಿದ್ದಾರೆ, ಮೆಲ್ಲಗೆ ಮಾತಾಡಿ.

ಕೆಂಗೇರಿ ಲೋಕಲ್:
ಮೇಡಂ, ಯೆಸ್ಟರ್ಡೇ ಬೇಡ ಅಂದಿರಿ. "ದಿಸ್ ಮಾರ್ನಿಂಗ್" ಹಾಕಬಹುದಾ? "ಐ ಹ್ಯಾವ್ ಫಿಕ್ಸ್ಡ್ ದ ಬಗ್ ದಿಸ್ ಮಾರ್ನಿಂಗ್"?

ಕೆಂಪು ಇಂಕು:
ಬೆಳಗ್ಗೆಯೇ ಬರೆಯುತ್ತಿದ್ದರೆ ಹಾಕಬಹುದು, ಆ ಹೊತ್ತು ಇನ್ನೂ ಮುಗಿದಿಲ್ಲ. ಊಟ ಆದ ಮೇಲೆ ಬರೆದರೆ "ಐ ಫಿಕ್ಸ್ಡ್ ಇಟ್ ದಿಸ್ ಮಾರ್ನಿಂಗ್". ಟುಡೇ, ದಿಸ್ ವೀಕ್ ಆದರೆ ಸಂಜೆಯವರೆಗೂ ಚಿಂತೆಯಿಲ್ಲ.

ಕೆಂಗೇರಿ ಲೋಕಲ್:
ನನ್ನ ಮೇಲ್ ಹೋಗೋದು ಮಧ್ಯಾಹ್ನ 2 ಗಂಟೆಗೆ. ಲಂಡನ್‌ನಲ್ಲಿ ಆಗಿನ್ನೂ ಬೆಳಗ್ಗೆ. ಯಾರ ಬೆಳಗ್ಗೆ ಲೆಕ್ಕಕ್ಕೆ?

ಎಸ್ ಪಿ ರೋಡ್ ಎಕ್ಸ್‌ಪರ್ಟ್:
ಅಲ್ಲಿ ಆಗ ಎಂಟೂವರೆ. ಐದೂವರೆ ಗಂಟೆ ವ್ಯತ್ಯಾಸ.

ಬನಶಂಕರಿ ಬೈಟ್ಸ್:
ಬೇಸಿಗೆಯಲ್ಲಿ ನಾಲ್ಕೂವರೆ ಸಾರ್. ಆಗ ಒಂಬತ್ತೂವರೆ.

ಎಸ್ ಪಿ ರೋಡ್ ಎಕ್ಸ್‌ಪರ್ಟ್:
ನನ್ನ ಎರಡನೇ ಮಾನಿಟರ್‌ನಲ್ಲಿ ಲಂಡನ್ ಗಡಿಯಾರ ಓಡ್ತಿರುತ್ತೆ. ಸ್ಕ್ರೀನ್‌ಶಾಟ್ ಹಾಕಲಾ?