ಸಹಾಯ ಬೇಕು: ಕಪ್ಪು ಪದರ ಕೆರೆದರೆ ಕೆಳಗಿನ ಬಿಳಿಯೂ ಏಳುತ್ತಿದೆ

ಇಲ್ಲಿ ಕುಂಬಾರಿಕೆ ಗೊತ್ತಿರುವವರು ಯಾರಾದ್ರೂ ಇದ್ದೀರಾ? ಚೀನಾದ ಸಿಝೌ ಶೈಲಿಯಲ್ಲಿ ಒಂದು ಮೇಯ್‌ಪಿಂಗ್ ಹೂದಾನಿ ಮಾಡುತ್ತಿದ್ದೇನೆ. ಪುಟ್ಟ ಬಾಯಿ, ಅಗಲ ಭುಜ, ಕೆಳಗೆ ಸಪೂರ. ಸಾಂಗ್ ಮತ್ತು ಜಿನ್ ರಾಜವಂಶಗಳ ಕಾಲದಲ್ಲಿ ಹೆಬೈ ಪ್ರಾಂತ್ಯದ ಗೂಡುಗಳಲ್ಲಿ ಇಂಥವನ್ನು ಸುಡುತ್ತಿದ್ದರು. ಬೂದು ಮಣ್ಣಿನ ಮೇಲೆ ಬಿಳಿ ಸ್ಲಿಪ್ (ನೀರಲ್ಲಿ ಕಲಸಿದ ತೆಳು ಮಣ್ಣಿನ ಲೇಪ), ಅದರ ಮೇಲೆ ಕಪ್ಪು ಸ್ಲಿಪ್. ಹೂಬಳ್ಳಿ ಉಳಿಸಿ, ಸುತ್ತಲಿನ ಕಪ್ಪನ್ನು ಮಾತ್ರ ಕೆರೆದು, ಮೇಲೆ ಪಾರದರ್ಶಕ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ). ಫೋಟೊಗಳಲ್ಲಿ ನೋಡಿದರೆ ಬಿಳಿ ಒಂಚೂರೂ ಕದಲಿಲ್ಲ, ಅದು ಹೇಗೋ!

ಬರೀ ಬಿಳಿ ಕೆರೆದು ಬೂದು ಮಣ್ಣು ಕಾಣಿಸುವ ಬಗೆ ನನಗೆ ಬರುತ್ತದೆ. ಎರಡು ಪದರದ್ದೇ ತಲೆನೋವು. ಪಾತ್ರೆ ಹಸಿಯಾಗಿದ್ದಾಗ ಕೆರೆದರೆ ಕಪ್ಪಿನ ಜೊತೆ ಬಿಳಿಯೂ ಬಂದು ಅಲ್ಲಲ್ಲಿ ಬೂದು ಇಣುಕುತ್ತದೆ. ಜಾಸ್ತಿ ಒಣಗಲು ಬಿಟ್ಟರೆ ಕಪ್ಪು ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಎಲೆಯ ಅಂಚು ಗರಗಸದ ಹಲ್ಲಿನ ಹಾಗಾಗುತ್ತದೆ. ಕಪ್ಪನ್ನು ತೆಳು ಮಾಡಿ ನೋಡಿದೆ. ಚಾಕು ಬಿಟ್ಟು ಬಿದಿರು ಕಡ್ಡಿ ಹಿಡಿದೆ. ಊಹೂಂ.

ನನ್ನ ಪ್ರಶ್ನೆ ಇಷ್ಟೇ: ಕಪ್ಪು ಹಚ್ಚುವ ಮುಂಚೆ ಬಿಳಿ ಪದರ ಎಷ್ಟು ಒಣಗಿರಬೇಕು? ಹಚ್ಚಿದ ಮೇಲೆ ಎಷ್ಟು ಹೊತ್ತಿಗೆ ಕೆರೆಯಲು ಶುರು ಮಾಡಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.