ದರೋಜಿ, ಅಂಕಸಮುದ್ರ, ತುಂಗಭದ್ರಾ ಹಿನ್ನೀರು: ಗೈಡ್ ಜೊತೆ ನಾಲ್ಕು ದಿನದ ಹಕ್ಕಿ ಪ್ರವಾಸ, ಈ ಪ್ಲಾನ್ ಸರಿ ಇದೆಯಾ?

ಪ್ರಶ್ನೆ (ಮಾವಿನಕೆರೆ, ರಾಯಚೂರು)

ಎಲ್ಲರಿಗೂ ನಮಸ್ಕಾರ. ರಾಯಚೂರಿನಿಂದ ಆರು ಜನ ಹೊರಟಿದ್ದೇವೆ, ಇಬ್ಬರಿಗೆ ಅರವತ್ತು ದಾಟಿದೆ. ಗೈಡ್ ಒಬ್ಬರು ಡಿಸೆಂಬರ್ ಕೊನೆಯ ವಾರಕ್ಕೆ ಈ ಪಟ್ಟಿ ಕಳಿಸಿದ್ದಾರೆ:

ದಿನ 1: ರಾಯಚೂರು, ಬಳ್ಳಾರಿ ಕೋಟೆ, ಸಂಡೂರು, ಸಂಜೆ ದರೋಜಿ.
ದಿನ 2: ಬೆಳಿಗ್ಗೆ ಹಂಪಿ ದೇವಸ್ಥಾನಗಳು, ಮಧ್ಯಾಹ್ನ 12ಕ್ಕೆ ತುಂಗಭದ್ರಾ ಹಿನ್ನೀರು, ಸಂಜೆ ಆನೆಗೊಂದಿ ಗುಡ್ಡ ಹತ್ತೋದು.
ದಿನ 3: ಸಿರುಗುಪ್ಪ ಕಡೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹುಡುಕೋದು.
ದಿನ 4: ಬೆಳಿಗ್ಗೆ 10ಕ್ಕೆ ಅಂಕಸಮುದ್ರ, ಅಲ್ಲಿಂದ ವಾಪಸ್.

ತಿಂಗಳು ಸರಿಯಾ? ಈ ಕ್ರಮ ಸರಿಯಾ? ಗಾಡಿ ಟೆಂಪೊ ಟ್ರಾವೆಲರ್ ಅಂತಿದ್ದಾರೆ. ನಮ್ಮ ಹತ್ತಿರ 8x42 ಒಂದು, 10x50 ಒಂದು ಬೈನಾಕ್ಯುಲರ್ ಇದೆ, ಆರು ಜನಕ್ಕೆ ಸಾಕಾ?

ಉತ್ತರ (ಕರಿಜಾಲಿ, ಹಗರಿಬೊಮ್ಮನಹಳ್ಳಿ)

ಜಾಗಗಳನ್ನು ಚೆನ್ನಾಗಿಯೇ ಆರಿಸಿದ್ದಾರೆ, ಹೊತ್ತು ಮಾತ್ರ ಎಲ್ಲ ತಿರುಗುಮುರುಗು. ಹಕ್ಕಿ ನೋಡೋದರಲ್ಲಿ ಊರಿಗಿಂತ ಹೊತ್ತು ಮುಖ್ಯ.

ಮೊದಲು ತಿಂಗಳು. ಡಿಸೆಂಬರ್‌ನಲ್ಲಿ ಜಲಾಶಯದಲ್ಲಿ ಇನ್ನೂ ನೀರು ಬಹಳ ಇರುತ್ತೆ. ನೀರು ಹರಡಿಕೊಂಡಿದ್ದರೆ ಹಕ್ಕಿಯೂ ಹರಡಿಕೊಂಡು ದೂರದಲ್ಲೇ ಇರುತ್ತೆ. ಕಾಲುವೆಗೆ ನೀರು ಹೋಗ್ತಾ ಹೋಗ್ತಾ ದಂಡೆ ಹಿಂದೆ ಸರಿದು ಕೆಸರು, ಎಳೆ ಹುಲ್ಲು ಮೇಲೆ ಬರುತ್ತೆ. ಪಟ್ಟೆತಲೆ ಹೆಬ್ಬಾತು, ರಾಜಹಂಸ, ಚಮಚದ ಕೊಕ್ಕು ಇವೆಲ್ಲ ಆಗ ಅಂಚಿಗೆ ಬರ್ತಾವೆ. ಜನವರಿ ಮೂರನೇ ವಾರದಿಂದ ಫೆಬ್ರವರಿ ಮಧ್ಯದವರೆಗೆ ಇಟ್ಟುಕೊಳ್ಳಿ. ಮಾರ್ಚ್ ಅಂದರೆ ತಡ: ಹೆಬ್ಬಾತುಗಳು ಹಿಮಾಲಯದ ಆಚೆಗೆ ಹೊರಟಿರುತ್ತವೆ, ಬಿಸಿಲೂ ತಡೆಯೋಕಾಗಲ್ಲ.

ಹಿನ್ನೀರಿಗೆ ಮಧ್ಯಾಹ್ನ 12 ಅನ್ನೋದು ಪಟ್ಟಿಯ ದೊಡ್ಡ ತಪ್ಪು. ಹತ್ತು ಗಂಟೆ ದಾಟಿದರೆ ನೀರಿನ ಮೇಲೆ ಝಳ ಏಳುತ್ತೆ, ಎಷ್ಟು ದುಬಾರಿ ಸ್ಕೋಪ್ (ಟ್ರೈಪಾಡ್ ಮೇಲಿಡೋ ದೂರದರ್ಶಕ) ಇಟ್ಟರೂ ಹಕ್ಕಿ ಕುದಿಯೋ ಎಣ್ಣೆಯಲ್ಲಿ ಬಿದ್ದ ಬಿಳಿ ಚುಕ್ಕೆ ಥರ ಅಲ್ಲಾಡುತ್ತೆ. ದೂರ ಹೆಚ್ಚಿದಷ್ಟೂ ಹಾಳು, ಝೂಮ್ ಹೆಚ್ಚಿಸಿದಷ್ಟೂ ಹಾಳು. ಎರಡನೇ ಮಾತು, ಯಾವ ದಂಡೆ ಅನ್ನೋದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ನಮ್ಮ ಕಡೆಯ, ಅಂದರೆ ದಕ್ಷಿಣದ ದಂಡೆಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಬೆಳಕು ಹೆಚ್ಚುಕಡಿಮೆ ಬೆನ್ನಿಗೇ ಇರುತ್ತೆ, ಹೆಬ್ಬಾತಿನ ತಲೆಯ ಎರಡು ಕಪ್ಪು ಪಟ್ಟೆ ಸ್ಕೋಪಿನಲ್ಲಿ ಸ್ಪಷ್ಟವಾಗಿ ಎಣಿಸಬಹುದು. ಕೊಪ್ಪಳದ ಕಡೆಯ ದಂಡೆಯಿಂದ ಅದೇ ಹಿಂಡು ಬರೀ ಕಪ್ಪು ನೆರಳು.

ಅಂಕಸಮುದ್ರಕ್ಕೆ ಬೆಳಿಗ್ಗೆ 6:30ಕ್ಕೇ ಇರಬೇಕು, 10ಕ್ಕಲ್ಲ. ರಾಜ್ಯದ ಮೊದಲ ಪಕ್ಷಿ ಸಂರಕ್ಷಣಾ ಮೀಸಲು ಅದು (2017), 2024ರಲ್ಲಿ ರಾಮ್ಸಾರ್ ಪಟ್ಟಿಗೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ಸೇರಿತು. ಸುಮಾರು 98 ಹೆಕ್ಟೇರ್ ಕೆರೆ, ನೀರೊಳಗೇ ಕರಿಜಾಲಿ ಮರಗಳು. ಕೊಕ್ಕರೆ, ಕೆಂಬರಲು, ನೀರುಕಾಗೆ ರಾತ್ರಿ ಆ ಮರಗಳ ಮೇಲೇ ಕಳೆದು, ಹೊತ್ತು ಮೂಡೋ ಮುಂಚೆ ಹೊಲಗದ್ದೆ ಕಡೆ ಹಾರಿಬಿಡ್ತಾವೆ. ಆ ಮುಕ್ಕಾಲು ಗಂಟೆಗೋಸ್ಕರವೇ ಅಲ್ಲಿಗೆ ಹೋಗೋದು. ಏರಿಯ ಮೇಲೆ ನಡೀರಿ, ಅಂಚಿಗೆ ಇಳೀಬೇಡಿ. ಒಬ್ಬರು ಇಳಿದರೆ ಒಂದು ಮರ ಪೂರ್ತಿ ಏಳುತ್ತೆ, ಗೂಡು ಇದ್ದರೆ ಮರಿ ಬಿಸಿಲಿಗೆ, ಕಾಗೆಗೆ.

ದರೋಜಿ ಕರಡಿಧಾಮ (1994) ಮಧ್ಯಾಹ್ನದ ಮೇಲೆ ಮಾತ್ರ ತೆರೆಯುತ್ತೆ, ಕತ್ತಲಾಗೋ ಮುಂಚೆ ಮುಚ್ಚುತ್ತೆ. ಬಳ್ಳಾರಿ ಕೋಟೆ, ಸಂಡೂರು ಮುಗಿಸಿ ಬಂದರೆ ನಿಮಗೆ ಸಿಗೋದು ಅರ್ಧ ಗಂಟೆ. ಗೇಟ್ ತೆರೆಯೋ ಹೊತ್ತಿಗೇ ಹೋಗಿ ವೀಕ್ಷಣಾ ಗೋಪುರದಲ್ಲಿ ಕೂತುಬಿಡಿ. ಸಿಬ್ಬಂದಿ ಬಂಡೆಗೆ ಬೆಲ್ಲದ ಮಿಶ್ರಣ ಬಳಿದು ಹೋಗ್ತಾರೆ. ಕರಡಿ ಬರೋ ಮುಂಚೆ ನವಿಲು, ಗೌಜಲಕ್ಕಿ, ಮುಂಗುಸಿ, ಅದೃಷ್ಟ ಇದ್ದರೆ ಕಾಡುಕೋಳಿಯಂಥ ಪೇಂಟೆಡ್ ಸ್ಪರ್‌ಫೌಲ್ ಬರುತ್ತೆ. ಎಲ್ಲರೂ ಕರಡಿ ಬರೋ ದಾರಿ ಕಾಯ್ತಾ ಇವನ್ನು ನೋಡೋದೇ ಇಲ್ಲ.

ನನ್ನ ಲೆಕ್ಕದಲ್ಲಿ ಕ್ರಮ ಹೀಗಿರಲಿ. ಮೊದಲ ದಿನ ಮಾನ್ವಿ, ಸಿಂಧನೂರು, ಕಾರಟಗಿ, ಗಂಗಾವತಿ ಮೇಲೆ ಗದ್ದೆ ನೋಡ್ತಾ ಬನ್ನಿ, ಸಂಜೆ ಸಾಣಾಪುರ ಕೆರೆ, ರಾತ್ರಿ ಕಮಲಾಪುರ. ಎರಡನೇ ದಿನ ಬೆಳಿಗ್ಗೆ ಆನೆಗೊಂದಿ ಕಡೆಯ ಬಂಡೆಗುಡ್ಡ, ಊಟ, ನಿದ್ದೆ, ಆಮೇಲೆ ದರೋಜಿ. ಮೂರನೇ ದಿನ ಐದಕ್ಕೆಲ್ಲ ಹೊರಟು ಅಂಕಸಮುದ್ರ, 8 ಗಂಟೆಗೆ ಹಿನ್ನೀರು, ಮತ್ತೆ 4ರ ನಂತರ ಹಿನ್ನೀರು. ನಾಲ್ಕನೇ ದಿನ ಕೊಪ್ಪಳ, ಕುಷ್ಟಗಿ, ಲಿಂಗಸುಗೂರು ಮೇಲೆ ವಾಪಸ್. ಮೂರು ರಾತ್ರಿಯೂ ಒಂದೇ ಕಡೆ ಉಳೀರಿ. ದಿನಾ ರೂಮ್ ಬದಲಿಸಿದರೆ ಬ್ಯಾಗ್ ಕಟ್ಟೋದರಲ್ಲೇ ಬೆಳಗಿನ ಒಂದು ಗಂಟೆ ಹೋಗುತ್ತೆ, ಅದೇ ಹಕ್ಕಿಯ ಗಂಟೆ.

ಉತ್ತರ (ಬಂಡೆಗುಡ್ಡ, ಗಂಗಾವತಿ)

ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಮೊದಲ ರಾತ್ರಿ ಕಮಲಾಪುರ ಬೇಡ, ಆನೆಗೊಂದಿ ಅಥವಾ ಸಾಣಾಪುರ ಕಡೆಯೇ ಉಳೀರಿ. ಕಮಲಾಪುರದಿಂದ ಕಡೆಬಾಗಿಲು ಸೇತುವೆ ದಾಟಿ ಈ ಕಡೆ ಬರೋಕೆ ಮುಕ್ಕಾಲು ಗಂಟೆಯಾದರೂ ಹಿಡಿಯುತ್ತೆ. ಜನವರಿಯಲ್ಲಿ ಸೂರ್ಯ ಹುಟ್ಟೋದು ಸುಮಾರು 6:50ಕ್ಕೆ, ಹಳದಿ ಕೊರಳಿನ ಪಿಕಳಾರ ಬಂಡೆಯ ಮೇಲೆ ಬಂದು ಕೂರೋದು ಅಲ್ಲಿಂದ 8:30ರವರೆಗೆ. ಆಮೇಲೆ ಪೊದೆಯೊಳಗೆ ಸೇರಿದರೆ ದನಿ ಮಾತ್ರ. ಹಿರಿಯರು ಇರೋದರಿಂದ ಗುಡ್ಡ ಹತ್ತಿಸಲೇಬೇಡಿ. ಬುಡದಲ್ಲಿ ಹಣ್ಣುಬಿಟ್ಟ ಆಲವೋ ಅರಳಿಯೋ ಹುಡುಕಿ ಎದುರಿಗೆ ಕೂತರೆ ಅದೇ ಕೆಳಗೆ ಬರುತ್ತೆ.

ಈ ಪಿಕಳಾರ ಪ್ರಪಂಚದಲ್ಲಿ ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಇರೋದು. ದೂರದಿಂದ ಬರೋರು ಹೆಚ್ಚಾಗಿ ಬಿಳಿಹುಬ್ಬಿನ ಪಿಕಳಾರ ನೋಡಿ ಇದೇ ಅಂತ ಬರ್ಕೊಂಡು ಹೋಗ್ತಾರೆ. ಎರಡೂ ಒಂದೇ ಪೊದೆಯಲ್ಲಿ ಇರ್ತಾವೆ. ಬಿಳಿಹುಬ್ಬಿನದು ಮಾಸಲು ಹಸಿರುಕಂದು, ಕಣ್ಣಿನ ಮೇಲೆ ಸ್ಪಷ್ಟ ಬಿಳಿ ಗೀರು. ನಮ್ಮದಕ್ಕೆ ತಲೆಯೇ ಹಳದಿ, ಕೊರಳು ಅದಕ್ಕಿಂತ ಗಾಢ ಹಳದಿ, ಎದೆ ಹೊಟ್ಟೆ ಬೂದು, ಬಾಲದ ಬುಡದ ಅಡಿ ಮತ್ತೆ ಹಳದಿ. ಬೂದು ಹೊಟ್ಟೆ ಕಾಣೋ ತನಕ ಬರ್ಕೋಬೇಡಿ.

ಸಂಜೆ ಗುಡ್ಡ ಹತ್ತೋದು ಅಂತ ಬರೆದಿರೋ ಗೈಡ್‌ಗೆ ಒಂದು ಮಾತು ಕೇಳಿ, ಕರಡಿ ಯಾವಾಗ ಹೊರಗೆ ಬರುತ್ತೆ ಅಂತ. ಈ ಗುಹೆ ಬಂಡೆಗಳೇ ಕರಡಿಯ, ಚಿರತೆಯ ಮನೆ, ಹೊತ್ತು ಮುಳುಗೋ ಸಮಯಕ್ಕೆ ಅವು ಇಳಿಯೋಕೆ ಶುರು. ಕರಡಿ ಬೆದರಿದರೆ ಓಡಿಹೋಗಲ್ಲ, ಮೇಲೆ ಬೀಳುತ್ತೆ. ಬೆಳಿಗ್ಗೆಯೂ ಪೂರ್ತಿ ಬೆಳಕಾದ ಮೇಲೇ ಬುಡಕ್ಕೆ ಹೋಗಬೇಕು, ಗೈಡ್ ಮುಂದೆ, ಯಾರೂ ಒಬ್ಬರೇ ಬಂಡೆಯ ಹಿಂದಕ್ಕೆ ಹೋಗಬಾರದು. ಬಂಡೆಯ ಅಡಿ ಹೆಜ್ಜೇನು ಕಟ್ಟಿರುತ್ತೆ. ಸೆಂಟ್ ಹಾಕ್ಕೊಂಡು ಬರಬೇಡಿ, ಬೀಡಿ ಸಿಗರೇಟು ಬೇಡ.

ಸ್ಯಾಂಡ್‌ಗ್ರೌಸ್ (ಪಾರಿವಾಳದ ಗಾತ್ರದ ನೆಲದ ಹಕ್ಕಿ) ಬೇಕು ಅಂದರೆ ಇದು ಗೊತ್ತಿರಲಿ: ಎರಡು ಜಾತಿಗೆ ನೀರು ಕುಡಿಯೋ ಹೊತ್ತು ಬೇರೆ. ಕಂದು ಹೊಟ್ಟೆಯದು ಬಿಸಿಲು ಏರಿದ ಮೇಲೆ, 8ರಿಂದ 10ರೊಳಗೆ, ಗುಂಪಾಗಿ ಕೂಗ್ತಾ ಬರುತ್ತೆ. ಪೇಂಟೆಡ್ ಸ್ಯಾಂಡ್‌ಗ್ರೌಸ್ ಸೂರ್ಯ ಮುಳುಗಿ ಮಬ್ಬಾದ ಮೇಲೆ ಸದ್ದಿಲ್ಲದೆ ಬರುತ್ತೆ. ಬೆಳಿಗ್ಗೆ ಹೊಂಡದ ಹತ್ತಿರ ಎರಡು ಗಂಟೆ ಕೂತು ಪೇಂಟೆಡ್ ಕಾಯೋದು ಸುಮ್ಮನೆ ವೇಳೆ ಹಾಳು. ಹಗಲಲ್ಲಿ ಅದು ಕುರುಚಲು ಕಾಡಿನ ಕಲ್ಲುನೆಲದಲ್ಲಿ ಕಲ್ಲಿನ ಥರವೇ ಕೂತಿರುತ್ತೆ, ಗೈಡ್ ಕಣ್ಣು ಪಳಗಿದ್ದರೆ ಮಾತ್ರ ಸಿಗುತ್ತೆ.

ಮುಂಗಡ ಕೊಡೋ ಮೊದಲು ಗೈಡ್‌ನ ಕೇಳಿ: ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿ ಕರೀತೀರಾ? ‘ಹೌದು, ಗ್ಯಾರಂಟಿ ತೋರಿಸ್ತೀನಿ’ ಅಂದರೆ ಬೇರೆಯವರನ್ನು ನೋಡಿ. ಆ ಕೂಗು ಕೇಳಿದ ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಬಂತು ಅಂತ ಮೇಯೋದು, ಮರಿಗೆ ಉಣಿಸೋದು ಬಿಟ್ಟು ಜಗಳಕ್ಕೆ ಬರುತ್ತೆ. ಚಳಿಗಾಲ ಪೂರ್ತಿ ದಿನಕ್ಕೊಂದು ಗುಂಪು ಹಂಗೆ ಕರೆದರೆ ಕಡೆಗೆ ಅದು ಆ ಗುಡ್ಡವನ್ನೇ ಬಿಡುತ್ತೆ.

ಉತ್ತರ (ಎರೆಹೊಲ, ಸಿಂಧನೂರು)

ಮೂರನೇ ದಿನದ ಸಿರುಗುಪ್ಪ ತೆಗೆದು ಹಾಕ್ರಿ. ಎರೆಭೂತ ದೇಶದಾಗ ಇನ್ನೂರಕ್ಕೂ ಕಡಿಮಿ ಉಳಿದಾವ. ವರ್ಷಕ್ಕ ಒಂದೇ ತತ್ತಿ, ಅದೂ ಬರೀ ನೆಲದ ಮ್ಯಾಲ. ಗಾಡಿ ಹೊಲದಾಗ ಇಳಿಸಿ ಹುಡುಕಿದ್ರ ಹಕ್ಕಿ ಎದ್ದು ಹಾರತದ, ಹಾರಿದ್ದು ಕರೆಂಟಿನ ತಂತಿಗಿ ಬಡಿದು ಸಾಯೋದೇ ಅದಕ್ಕ ದೊಡ್ಡ ಗಂಡಾಂತರ. ಅದು ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ಹಕ್ಕಿ. ಪ್ರವಾಸದ ಪಟ್ಟಿಯಾಗ ಆ ಹೆಸರು ಬರೀಬಾರದು. ದಾರ್‍ಯಾಗ ತಾನಾಗೇ ಕಂಡ್ರ ನಿಂತು ನೋಡಿ ಹೋಗ್ರಿ, ಫೋಟೊ ಜತಿ ಊರ ಹೆಸರು ಎಲ್ಲೂ ಹಾಕಬ್ಯಾಡ್ರಿ. ಫೋಟೊದಾಗ ಮೊಬೈಲ್ ತಾನೇ ಲೊಕೇಶನ್ ಸೇರಿಸಿರ್ತದ, ಅದನ್ನೂ ತೆಗೀರಿ.

ಅದರ ಬದಲಿಗಿ ಎರೆ ಸೀಮಿಯ ಸೆಳೆವ (ಹ್ಯಾರಿಯರ್, ಹೊಲದ ಮ್ಯಾಲ ತಗ್ಗಿ ಹಾರೋ ಬೇಟಿಹಕ್ಕಿ) ನೋಡ್ರಿ. ಹಗಲೆಲ್ಲ ಜೋಳ, ಕಡ್ಲಿ ಹೊಲದ ಮ್ಯಾಲ ಒಂದೊಂದೇ ತೇಲತಿರ್ತಾವ, ಸಂಜಿ 5:15ರಿಂದ ಹುಲ್ಲುಗಾವಲಿಗಿ ಬಂದು ನೆಲದ ಮ್ಯಾಲೇ ಮಲಗ್ತಾವ. ಹೊತ್ತು ಮುಳುಗೋದು 6:10ರ ಸುಮಾರಿಗೆ, ಆ ಒಂದು ತಾಸು ಸಾಕು. ಕನಿಷ್ಠ 200 ಮೀಟರ್ ದೂರ ನಿಂದರ್ರಿ, ಹುಲ್ಲಿನಾಗ ಕಾಲಿಡಬ್ಯಾಡ್ರಿ, ಟಾರ್ಚ್ ಬ್ಯಾಡ. ಗಂಡು ಗುರುತು ಹಿಡಿಯೋದು ಸುಲಭ: ರೆಕ್ಕಿ ಮ್ಯಾಲ ಕರಿ ಗೆರಿ ಇದ್ರ ಮಾಂಟೆಗ್ಯೂ ಸೆಳೆವ, ಗೆರಿ ಇಲ್ದ ತುದಿಗಿ ಸಣ್ಣ ಕರಿ ಬೆಣಿ ಬಡಿದಂಗ ಇದ್ರ ಪ್ಯಾಲಿಡ್ ಸೆಳೆವ. ಹೆಣ್ಣು ಎರಡೂ ಕಂದು, ಫೋಟೊ ತೆಗೆದು ಆಮ್ಯಾಲ ನಿಧಾನಕ ನೋಡ್ರಿ.

ಗದ್ದಿ ವಿಚಾರ. ತುಂಗಭದ್ರಾ ಎಡದಂಡಿ ಕಾಲುವಿಗಿ ಎರಡನೇ ಬೆಳಿ ನೀರು ಬಿಟ್ಟಾರೋ ಇಲ್ಲೋ ಮೊದಲು ಕೇಳ್ಕೊಳ್ರಿ. ನೀರು ಬಿಟ್ಟಿದ್ರ ಜನವರಿಗಿ ಕೇಜ್‌ವೀಲ್ (ಕಬ್ಬಿಣದ ಪಂಜರದ ಚಕ್ರ) ಹಾಕಿದ ಟ್ರ್ಯಾಕ್ಟರ್ ಕೆಸರು ಮಾಡ್ತಿರ್ತಾವ. ಟ್ರ್ಯಾಕ್ಟರ್ ಹಿಂದ ಬೆಳ್ಳಕ್ಕಿ, ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಸಿಪಿಲೆ, ಮಿಂಚು ಕೆಂಬರಲು ಸಾಲುಗಟ್ಟಿ ಬರ್ತಾವ. ಚಕ್ರ ಹಾದ ಜಾಗದಾಗ ಹುಳ ಮ್ಯಾಲ ಬರ್ತದ, ಅದಕ. ನಾಟಿ ಆಗಿ ಪೈರು ಮೊಳಕಾಲುದ್ದ ಆದ್ರ ಗೊರವ ಹೋಗಿಬಿಡ್ತಾವ. ನೀರು ಬಿಡದ ವರ್ಷ ಗದ್ದಿ ಬಣಬಣ, ಆಗ ಮೊದಲ ದಿನದ ವ್ಯಾಳ್ಯಾ ಸಾಣಾಪುರಕ್ಕೇ ಕೊಡ್ರಿ.

ಗಾಡಿ: ಟೆಂಪೊ ಟ್ರಾವೆಲರ್ ಬ್ಯಾಡ. ಕಾಲುವಿ ಏರಿ ಮ್ಯಾಲ ಅದನ್ನ ತಿರುಗಿಸಾಕ ಆಗಂಗಿಲ್ಲ, ರಿವರ್ಸ್ ಒಂದು ಕಿಲೋಮೀಟರ್ ಬರಬೇಕಾಗ್ತದ. ಎರಡು ಬೊಲೆರೊ ತಗೋರ್ರಿ, ಎಲ್ಲರಿಗೂ ಕಿಟಕಿ ಸಿಗ್ತದ. ಗಾಡಿಗಿ ಹಕ್ಕಿ ಅಂಜಂಗಿಲ್ಲ, ಬಾಗಲಾ ತೆಗೆದು ಇಳಿದ ಮನಷ್ಯಾಗ ಅಂಜತಾವ. ಅದಕ ಒಳಗೇ ಕುಂದರ್ರಿ, ಎಂಜಿನ್ ಬಂದ್ ಮಾಡಿಸ್ರಿ, ಇಲ್ಲಂದ್ರ ಅದರ ನಡುಕಕ್ಕ ಫೋಟೊ ಎಲ್ಲ ಮಸುಕು. ಹಿಂದಿನ ದಿನ ಮಳಿ ಬಿದ್ದಿದ್ರ ಡಾಂಬರ್ ಬಿಟ್ಟು ಇಳೀಬ್ಯಾಡ್ರಿ. ಎರಿ ಮಣ್ಣು ಟೈರಿಗಿ ಸುತ್ತಿ ಮಡ್‌ಗಾರ್ಡ್ ತನಕ ತುಂಬತದ, ಫೋರ್ ವೀಲ್ ಇದ್ರೂ ಚಕ್ರ ತಿರುಗಂಗಿಲ್ಲ.

ಲಾಜ್‌ನಾಗ ಏಳೂವರಿ ಮುಂಚೆ ನಾಷ್ಟಾ ಸಿಗಂಗಿಲ್ಲ. ರಾತ್ರಿನೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು ಕಟ್ಟಿಸ್ಕೊಳ್ರಿ, ಒಬ್ಬರಿಗೆ 3 ಲೀಟರ್ ನೀರು. ಒಗ್ಗರಣಿ ಮಿರ್ಚಿ ಹತ್ತು ಗಂಟಿಗಿ ಎಲ್ಲಿ ಬೇಕಾದ್ರೂ ಸಿಗ್ತದ.

ಮಾವಿನಕೆರೆ

ತುಂಬಾ ಉಪಕಾರ ಆಯ್ತು. ಜನವರಿ ಕೊನೆಗೆ ಬದಲಿಸಿದ್ದೇವೆ, ಸಿರುಗುಪ್ಪ ತೆಗೆದಿದ್ದೇವೆ. ಬೈನಾಕ್ಯುಲರ್ ವಿಷಯ ಯಾರೂ ಹೇಳಲಿಲ್ಲ. ಹಿರಿಯರು ಕನ್ನಡಕ ಹಾಕ್ಕೊಂಡು ನೋಡಿದರೆ ಸುತ್ತ ಕಪ್ಪು ಕಾಣುತ್ತೆ, ಒಂದು ಕಣ್ಣಿಗೆ ಮಂಜು ಅಂತಾರೆ. ಕೆಟ್ಟಿದೆಯಾ?

ಉತ್ತರ (ಕರಿಜಾಲಿ, ಹಗರಿಬೊಮ್ಮನಹಳ್ಳಿ)

ಕೆಟ್ಟಿಲ್ಲ, ಹೊಂದಿಸಿಲ್ಲ ಅಷ್ಟೆ. ಕಣ್ಣಿಡೋ ಕಡೆಯ ರಬ್ಬರ್ ಬಟ್ಟಲನ್ನು ಕನ್ನಡಕದವರು ಪೂರ್ತಿ ಕೆಳಕ್ಕೆ ತಿರುಗಿಸಬೇಕು ಅಥವಾ ಮಡಚಬೇಕು, ಆಗ ಸುತ್ತಲ ಕಪ್ಪು ಹೋಗುತ್ತೆ. ಕನ್ನಡಕ ಇಲ್ಲದವರು ಮೇಲಕ್ಕೆ ಎಳೀಬೇಕು. ಆಮೇಲೆ ಎರಡು ಕೊಳವೆಯನ್ನು ಹತ್ತಿರ ದೂರ ಮಾಡ್ತಾ ಎರಡು ವೃತ್ತ ಸೇರಿ ಒಂದೇ ಆಗೋ ತನಕ ಹೊಂದಿಸಿ.

ಮಂಜಿಗೆ: ದೂರದ ತಂತಿಯನ್ನೋ ಕಂಬವನ್ನೋ ನೋಡಿ. ಬಲಗಡೆ ಗಾಜಿಗೆ ಕೈ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಚೊಕ್ಕ ಮಾಡಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರದ ಸಣ್ಣ ಉಂಗುರ ತಿರುಗಿಸಿ ಚೊಕ್ಕ ಮಾಡಿ. ಉಂಗುರ ಎಲ್ಲಿ ನಿಂತಿತೋ ಅಲ್ಲಿ ಉಗುರುಬಣ್ಣದ ಚುಕ್ಕೆ ಇಡಿ. ಇನ್ನು ಮುಂದೆ ನಡುವಿನ ಚಕ್ರ ಮಾತ್ರ. ಈ ಉಂಗುರ ಒಬ್ಬೊಬ್ಬರಿಗೆ ಒಂದೊಂದು ಥರ, ಅದಕ್ಕೇ ಆರು ಜನಕ್ಕೆ ಎರಡು ಸಾಕಾಗಲ್ಲ. ಕೈಯಿಂದ ಕೈಗೆ ಹೋಗಿ ಮತ್ತೆ ಹೊಂದಿಸೋದರೊಳಗೆ ಹಕ್ಕಿ ಇರಲ್ಲ. ಇಬ್ಬರಿಗೊಂದು ಇರೋ ಹಾಗೆ ಇನ್ನೊಂದು ಹೊಂದಿಸಿ, ಅದು 8x42 ಆಗಿರಲಿ. 10x50ರಲ್ಲಿ ಬೆಳಕು ಹೆಚ್ಚು ಅಂತಾರೆ, ಲೆಕ್ಕ ಹಾಕಿ (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದು ಅಂತ, ಎರಡನೆಯದು ಮುಂದಿನ ಗಾಜಿನ ಅಗಲ ಮಿ.ಮೀ.ನಲ್ಲಿ; ಭಾಗಿಸಿದರೆ ಕಣ್ಣಿಗೆ ಬರೋ ಬೆಳಕಿನ ವೃತ್ತದ ಅಗಲ): 42ನ್ನು 8ರಿಂದ ಭಾಗಿಸಿದರೆ 5.25, 50ನ್ನು 10ರಿಂದ ಭಾಗಿಸಿದರೆ 5. ಬೆಳಕು ಹೆಚ್ಚುಕಡಿಮೆ ಅಷ್ಟೇ, ಭಾರ ಮತ್ತು ಕೈನಡುಕ ಹೆಚ್ಚು. ಅದನ್ನು ಕೈಗಟ್ಟಿ ಇರೋ ಹುಡುಗರಿಗೆ ಕೊಡಿ.

ಹಿನ್ನೀರಿಗೆ ಸ್ಕೋಪ್ ಬೇಕೇ ಬೇಕು, ಗೈಡ್ ತರ್ತಾರಾ ಅಂತ ಮೊದಲೇ ಕೇಳಿ. 20 ಪಟ್ಟಿನಲ್ಲಿ ಹಕ್ಕಿ ಹಿಡಿದು ಆಮೇಲೆ ಝೂಮ್ ಏರಿಸಬೇಕು, ಗಾಳಿ ಇದ್ದರೆ ಟ್ರೈಪಾಡ್ ಕಾಲು ಉದ್ದ ಮಾಡದೆ ಸ್ಟೂಲ್ ಮೇಲೆ ಕೂತು ನೋಡಿ, ಹಿರಿಯರಿಗೂ ಆರಾಮ. ಹೆಬ್ಬಾತಿನ ಹಿಂಡಿನಲ್ಲಿ ಕುತ್ತಿಗೆಗಳನ್ನು ಒಂದೊಂದಾಗಿ ನೋಡ್ತಾ ಹೋಗಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಅಂಕಿ, ಓದೋ ದಿಕ್ಕು ಮೇಲಿಂದ ಕೆಳಕ್ಕೋ ಕೆಳಗಿಂದ ಮೇಲಕ್ಕೋ, ದಿನಾಂಕ, ಜಾಗ ಬರೆದಿಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಅಕ್ಷರ ಅರ್ಧ ಮಾತ್ರ ಕಂಡರೆ ಅರ್ಧವೇ ಬರೀರಿ, ಊಹಿಸಿ ತುಂಬಬೇಡಿ.