ಟ್ಯಾಟೂ ಆದ ಮೇಲೆ ಕೆಂಪು, ಕೀವು, ಭಯ: ಚರ್ಮದ ಡಾಕ್ಟರಿಗೆ ಕೇಳಿ

ಪ್ರಶ್ನೆ (ಹಾವೇರಿ ಕಡೆಯಿಂದ, ವಯಸ್ಸು 22): ನಮಸ್ಕಾರ ಮೇಡಂ. ಜಾತ್ರೆಯಲ್ಲಿ ಮುಂಗೈ ಮೇಲೆ ‘ಅಮ್ಮ’ ಅಂತ ಟ್ಯಾಟೂ ಹಾಕಿಸಿಕೊಂಡೆ. ಇವತ್ತಿಗೆ ಆರು ದಿನ. ನನಗಿಂತ ಮುಂಚೆ ನಾಲ್ಕೈದು ಜನ ಹಾಕಿಸಿಕೊಂಡಿದ್ದರು. ಸೂಜಿ ಬದಲಿಸಿದ್ದನ್ನು ನಾನು ನೋಡಲಿಲ್ಲ. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದರು ಅಷ್ಟೇ. ಈಗ ಸುತ್ತ ಕೆಂಪಗಾಗಿದೆ, ಮುಟ್ಟಿದರೆ ಬಿಸಿ, ‘ಮ್ಮ’ ಅಕ್ಷರದ ಹತ್ತಿರ ಹಳದಿ ಕೀವು. ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟರು, ಹಚ್ಚುತ್ತಿದ್ದೇನೆ. ಗೆಳೆಯನೊಬ್ಬ ಎಚ್‌ಐವಿ ಬರುತ್ತೆ ಅಂದ. ರಾತ್ರಿ ನಿದ್ದೆ ಇಲ್ಲ. ಮನೆಯಲ್ಲಿ ಹೇಳಿಲ್ಲ.

ಡಾಕ್ಟರ್: ತಮ್ಮಾ, ಇಲ್ಲಿ ಎರಡು ವಿಷಯ ಇವೆ. ಚರ್ಮದ ಮೇಲೆ ಕಾಣುತ್ತಿರುವ ಸೋಂಕು ಒಂದು, ರಕ್ತದ ಬಗ್ಗೆ ಇರುವ ಭಯ ಇನ್ನೊಂದು. ಇವತ್ತು ಅವಸರ ಇರುವುದು ಮೊದಲನೆಯದಕ್ಕೆ.

ಟ್ಯಾಟೂ ಅಂದರೆ ಸಾವಿರಾರು ಸಲ ಸೂಜಿ ಚುಚ್ಚಿದ ಗಾಯ. ಮೊದಲ ಎರಡು ಮೂರು ದಿನ ಕೆಂಪು, ಸ್ವಲ್ಪ ಊತ, ತೆಳು ನೀರು ಬರುವುದು ಸಹಜ. ಆಮೇಲೆ ದಿನದಿಂದ ದಿನಕ್ಕೆ ಕಡಿಮೆ ಆಗಬೇಕು. ಒಂದು ವಾರದ ಹೊತ್ತಿಗೆ ಸಿಪ್ಪೆ ಏಳುತ್ತದೆ, ಕಡಿತ ಇರುತ್ತದೆ. ನಿಮ್ಮದು ಆರನೇ ದಿನವೂ ಬಿಸಿ ಇದೆ, ಕೀವು ಇದೆ. ಇದು ಬ್ಯಾಕ್ಟೀರಿಯಾ ಸೋಂಕು ಅಂತಲೇ ತಿಳಿದುಕೊಳ್ಳಿ.

ಈಗಲೇ ಒಂದು ಬಾಲ್‌ಪೆನ್ ತಗೊಂಡು, ಕೆಂಪು ಎಲ್ಲಿ ಮುಗಿಯುತ್ತದೋ ಅದರ ಅಂಚಿನ ಸುತ್ತ ಗೆರೆ ಎಳೆಯಿರಿ. ಪಕ್ಕದಲ್ಲಿ ಎಷ್ಟು ಗಂಟೆ ಅಂತ ಬರೆಯಿರಿ. ನಾವು ವಾರ್ಡಿನಲ್ಲೂ ಹೀಗೇ ಮಾಡುತ್ತೇವೆ. ಕೆಂಪು ಆ ಗೆರೆ ದಾಟಿದರೆ, ಜ್ವರ ಅಥವಾ ಚಳಿ ಬಂದರೆ, ಕಂಕುಳಲ್ಲಿ ಗಂಟು ಸಿಕ್ಕರೆ, ಕೈ ಮೇಲೆ ಕೆಂಪು ಗೆರೆ ಏರಿದಂತೆ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಅದ್ಯಾವುದೂ ಆಗದಿದ್ದರೂ ನಾಳೆ ಡಾಕ್ಟರಿಗೆ ತೋರಿಸಲೇಬೇಕು. ಮಾತ್ರೆ ಬೇಕಾಗಬಹುದು. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿದೆ ಅಂತಲೂ ಕೇಳುತ್ತಾರೆ, ನೆನಪು ಮಾಡಿಕೊಳ್ಳಿ.

ಆ ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಅಂತ ಏನಾದರೂ ಇದೆಯಾ ನೋಡಿ ಹೇಳಿ. ಅವೆಲ್ಲ ಸ್ಟಿರಾಯ್ಡ್. ಅರಿಶಿನ, ಕೊಬ್ಬರಿ ಎಣ್ಣೆ, ಗಾಯದ ಪುಡಿ ಯಾವುದೂ ಬೇಡ. ದಿನಕ್ಕೆ ಎರಡು ಸಲ ಸಾಧಾರಣ ಸೋಪು, ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಒಣಗಿಸಿ. ಉಜ್ಜಬೇಡಿ.

ಅದೇ ಪ್ರಶ್ನೆ ಕೇಳಿದವರು: ಕ್ಲೊಬೆಟಸಾಲ್ ಅಂತಲೇ ಇದೆ ಮೇಡಂ. ಹಚ್ಚಿದ ಮೊದಲ ದಿನ ಕೆಂಪು ಕಡಿಮೆ ಆಗಿತ್ತು. ಸರಿ, ನಾಳೆ ಬೆಳಿಗ್ಗೆ ಹೋಗುತ್ತೇನೆ. ಆದರೆ ಎಚ್‌ಐವಿ?

ಡಾಕ್ಟರ್: ಆ ಟ್ಯೂಬ್ ಇವತ್ತೇ ನಿಲ್ಲಿಸಿ. ಸ್ಟಿರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಜೊತೆಗೆ ಸೋಂಕಿನ ವಿರುದ್ಧ ಹೋರಾಡುವ ಚರ್ಮದ ಶಕ್ತಿಯನ್ನೂ ಅಡಗಿಸುತ್ತದೆ. ಮೇಲೆ ವಾಸಿ ಆದಂತೆ ಕಾಣುತ್ತದೆ, ಒಳಗೆ ಹಬ್ಬುತ್ತದೆ. ಚೀಟಿ ಇಲ್ಲದೆ ಇವನ್ನು ಕೊಡುವುದು ನಿಲ್ಲಬೇಕು, ನನಗೆ ತುಂಬಾ ಸಂಕಟ ಆಗುವ ವಿಷಯ ಇದು.

ಈಗ ರಕ್ತದ ಮಾತು. ಸೋಂಕಿರುವವರಿಗೆ ಚುಚ್ಚಿದ ಸೂಜಿ ಆಸ್ಪತ್ರೆ ಸಿಬ್ಬಂದಿಗೆ ತಗುಲಿದಾಗ ಏನಾಗುತ್ತದೆ ಎಂಬ ಲೆಕ್ಕ ನಮ್ಮ ಹತ್ತಿರ ಇದೆ. ಎಚ್‌ಐವಿ ಬರುವ ಸಾಧ್ಯತೆ 1000ಕ್ಕೆ ಸುಮಾರು 3. ಲಿವರ್‌ಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಸಿ 100ಕ್ಕೆ 2ಕ್ಕಿಂತ ಕಡಿಮೆ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ 100ಕ್ಕೆ 6ರಿಂದ 30. ಅದೂ ರಕ್ತ ತುಂಬುವ ಟೊಳ್ಳು ಸೂಜಿಗಳೂ ಸೇರಿದ ಲೆಕ್ಕ. ಟ್ಯಾಟೂ ಸೂಜಿ ಟೊಳ್ಳಲ್ಲ. ನಿಮ್ಮ ಮುಂದಿದ್ದವರಿಗೆ ಸೋಂಕು ಇತ್ತು ಅಂತಲೂ ಇಲ್ಲ. ಹಾಗಾಗಿ ಎಚ್‌ಐವಿ ಸಾಧ್ಯತೆ ಬಹಳ ಕಡಿಮೆ. ಎಲ್ಲರೂ ಅದಕ್ಕೇ ಹೆದರುತ್ತಾರೆ, ಆದರೆ ನಾನು ಜಾಸ್ತಿ ಯೋಚಿಸುವುದು ಹೆಪಟೈಟಿಸ್ ಬಿ ಬಗ್ಗೆ. ಆ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಜೀವಂತ ಇರಬಲ್ಲದು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸೂಜಿ ಶುದ್ಧ ಆಗುವುದಿಲ್ಲ. ಇನ್ನೊಂದು, ಸೂಜಿ ಬದಲಿಸಿದರೂ ಎಲ್ಲರಿಗೂ ಅದೇ ಶಾಯಿ ಮುಚ್ಚಳದಲ್ಲಿ ಅದ್ದಿದರೆ ಉಪಯೋಗ ಇಲ್ಲ.

ಎಚ್‌ಐವಿ ತಡೆಯುವ ಮಾತ್ರೆ ಇದೆ. ಅದನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ ಶುರು ಮಾಡಿ 28 ದಿನ ತಗೊಳ್ಳಬೇಕು. ನಿಮಗೆ ಆ ಸಮಯ ದಾಟಿದೆ. ಅದಕ್ಕೆ ಗಾಬರಿ ಬೇಡ, ಉಳಿದ ಓದುಗರಿಗೆ ಗೊತ್ತಿರಲಿ ಅಂತ ಹೇಳಿದೆ. ಆದರೆ ಹೆಪಟೈಟಿಸ್ ಬಿ ಲಸಿಕೆಗೆ ನೀವು ಇನ್ನೂ ಹೋಗಬಹುದು. 24 ಗಂಟೆಯೊಳಗೆ ಆಗಿದ್ದರೆ ಒಳ್ಳೆಯದಿತ್ತು, ಆದರೂ ನಾಳೆಯೇ ಕೇಳಿ. ಈ ಲಸಿಕೆ ದೇಶದ ಎಲ್ಲ ಮಕ್ಕಳಿಗೂ ಸರ್ಕಾರದಿಂದ ಸಿಗುವಂತಾಗಿದ್ದು 2011ರಲ್ಲಿ. ನಿಮ್ಮ ವಯಸ್ಸಿನವರಿಗೆ ಬಹಳಷ್ಟು ಜನಕ್ಕೆ ಆಗಿರುವುದಿಲ್ಲ. ಇವತ್ತು ಒಂದು, ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು, ಒಟ್ಟು ಮೂರು ಚುಚ್ಚುಮದ್ದು.

ಪರೀಕ್ಷೆ ಈಗ ಒಂದು ಸಲ ಮಾಡಿಸಿ. ಅದು ಜಾತ್ರೆಗೆ ಮುಂಚೆ ನಿಮ್ಮ ರಕ್ತ ಹೇಗಿತ್ತು ಅನ್ನುವುದನ್ನಷ್ಟೇ ಹೇಳುತ್ತದೆ. ಎಚ್‌ಐವಿಗೆ ಮತ್ತೆ 6 ವಾರಕ್ಕೆ, 3 ತಿಂಗಳಿಗೆ. ಹೆಪಟೈಟಿಸ್ ಬಿ, ಸಿ ಎರಡಕ್ಕೂ 6 ತಿಂಗಳಿಗೆ ಕೊನೆಯದು. ನಾಳೆ ನೆಗೆಟಿವ್ ಬಂತು ಅಂತ ಅಲ್ಲಿಗೇ ಬಿಡಬೇಡಿ.

ಅದೇ ಪ್ರಶ್ನೆ ಕೇಳಿದವರು: ಪರೀಕ್ಷೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತಾ?

ಡಾಕ್ಟರ್: ಇಲ್ಲ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ಐಸಿಟಿಸಿ ಅಂತ ಎಚ್‌ಐವಿ ಸಮಾಲೋಚನೆ, ಪರೀಕ್ಷೆಯ ಕೋಣೆ ಇರುತ್ತದೆ. ಪರೀಕ್ಷೆ ಉಚಿತ. ಮೊದಲು ಆಪ್ತ ಸಮಾಲೋಚಕರು ಕೂರಿಸಿ ಮಾತಾಡುತ್ತಾರೆ. ನಿಮ್ಮ ಒಪ್ಪಿಗೆ ಇಲ್ಲದೆ ಫಲಿತಾಂಶ ಬೇರೆಯವರಿಗೆ ಹೇಳಬಾರದು ಅಂತ 2017ರ ಎಚ್‌ಐವಿ ಕಾಯ್ದೆಯೇ ಇದೆ. ಮಾತಾಡಿ ಧೈರ್ಯ ತಗೋಬೇಕು ಅನ್ನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಅಮ್ಮನ ಹೆಸರಲ್ಲೇ ಹಾಕಿಸಿಕೊಂಡಿದ್ದೀರಿ, ಕೈ ಊದಿದೆ ಅಂತ ಅವರಿಗೆ ಹೇಳಿ. ಬೈದರೂ ಆಸ್ಪತ್ರೆಗೆ ಜೊತೆಗೆ ಬರುವವರು ಅವರೇ ಅಲ್ವಾ.

ಪ್ರಶ್ನೆ (ಬೆಂಗಳೂರು): ನಾನು ದೊಡ್ಡ ಸ್ಟುಡಿಯೋದಲ್ಲೇ ಹಾಕಿಸಿದ್ದು. ಹೊಸ ಸೂಜಿ ನನ್ನ ಕಣ್ಣೆದುರೇ ಬಿಚ್ಚಿದರು. ಚೆನ್ನಾಗಿ ವಾಸಿಯಾಗಿತ್ತು. ಮೂರು ವಾರದ ಮೇಲೆ ಬೂದು ಶೇಡ್ ಇರುವ ಜಾಗದಲ್ಲಿ ಮಾತ್ರ ಸಣ್ಣ ಸಣ್ಣ ಗುಳ್ಳೆ ಎದ್ದಿವೆ. ಕೀವಿಲ್ಲ, ನೋವಿಲ್ಲ. ಆಂಟಿಬಯೋಟಿಕ್ ಒಂದು ಕೋರ್ಸ್ ಆಯಿತು, ಏನೂ ಬದಲಾಗಿಲ್ಲ. ಅಲರ್ಜಿ ಇರಬಹುದಾ?

ಡಾಕ್ಟರ್: ಇರಬಹುದು. ಆದರೆ ಬೂದು ಬಣ್ಣದಲ್ಲಿ ಮಾತ್ರ, ಅದೂ ತಡವಾಗಿ ಬಂದಿದೆ ಅಂದ ಕೂಡಲೇ ನನಗೆ ನೀರಿನ ಅನುಮಾನ ಬರುತ್ತದೆ. ಬೂದು ಬಣ್ಣ ಮಾಡುವುದು ಕಪ್ಪು ಶಾಯಿಗೆ ನೀರು ಬೆರೆಸಿ. ನಲ್ಲಿ ನೀರಿನಲ್ಲಿ ಕ್ಷಯದ ರೋಗಾಣುವಿನ ಜಾತಿಗೇ ಸೇರಿದ ಬೇರೆ ಮೈಕೋಬ್ಯಾಕ್ಟೀರಿಯಾಗಳು ಇರುತ್ತವೆ. ಕುಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಚರ್ಮದೊಳಗೆ ಚುಚ್ಚಿದರೆ ತೊಂದರೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ 2011-12ರಲ್ಲಿ 19 ಜನಕ್ಕೆ ಹೀಗೇ ಆಯಿತು. ರೋಗಾಣುವಿನ ಹೆಸರು ಮೈಕೋಬ್ಯಾಕ್ಟೀರಿಯಂ ಕೆಲೋನೆ. ಟ್ಯಾಟೂ ಹಾಕಿದವರ ಕೈ, ಸೂಜಿ ಎಲ್ಲ ಶುದ್ಧವಾಗಿಯೇ ಇತ್ತು. ಕೊನೆಗೆ ಸಿಕ್ಕಿದ್ದು ಕಂಪನಿಯಲ್ಲೇ ನೀರು ಬೆರೆಸಿ ತುಂಬಿದ ಬೂದು ಶಾಯಿಯಲ್ಲಿ. ಮುಚ್ಚಳ ತೆರೆಯದ ಬಾಟಲಿಯಲ್ಲೂ ಅದು ಇತ್ತು.

ಒಂದು ಗುಳ್ಳೆಯ ಬಯಾಪ್ಸಿ ಮಾಡಿಸಿ. ತುಣುಕನ್ನು ಪೆಥಾಲಜಿಗೆ ಕಳಿಸಿದರೆ ಸಾಲದು, ಮೈಕೋಬ್ಯಾಕ್ಟೀರಿಯಾ ಕಲ್ಚರ್‌ಗೂ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕಳಿಸಿ ಅಂತ ಬಾಯಿಬಿಟ್ಟು ಕೇಳಿ. ಇಲ್ಲದಿದ್ದರೆ ರಿಪೋರ್ಟು ಟಿಬಿ ತರಹ ಕಾಣುತ್ತದೆ, ಟಿಬಿ ಮಾತ್ರೆ ಶುರುವಾಗುತ್ತದೆ. ಇದಕ್ಕೆ ಆ ಮಾತ್ರೆ ನಾಟುವುದಿಲ್ಲ. ಬೇರೆ ಮಾತ್ರೆಗಳಿವೆ, ಕೆಲವು ತಿಂಗಳು ತಗೊಳ್ಳಬೇಕಾಗುತ್ತದೆ. ವಾಸಿ ಆಗುತ್ತದೆ. ರಿಪೋರ್ಟು ಬರುವವರೆಗೆ ಅಲರ್ಜಿ ಅಂತ ಸ್ಟಿರಾಯ್ಡ್ ಹಚ್ಚಬೇಡಿ.

ಪ್ರಶ್ನೆ (ಮೈಸೂರು): ನನ್ನ ಟ್ಯಾಟೂ ಆಗಿ ಒಂದು ವರ್ಷ ದಾಟಿದೆ. ಗುಲಾಬಿ ಹೂವಿನ ಕೆಂಪು ಭಾಗ ಮಾತ್ರ ದಪ್ಪ ಆಗಿ ಕಡಿಯುತ್ತದೆ. ಎಲೆ, ಕಾಂಡ ಸರಿ ಇದೆ. ಲೇಸರ್‌ನಲ್ಲಿ ತೆಗೆಸಿಬಿಡಲಾ?

ಡಾಕ್ಟರ್: ಅವಸರ ಮಾಡಬೇಡಿ. ಟ್ಯಾಟೂ ಬಣ್ಣಗಳಲ್ಲಿ ಅಲರ್ಜಿ ಜಾಸ್ತಿ ಬರುವುದು ಕೆಂಪಿಗೇ. ತಿಂಗಳು, ವರ್ಷ ಕಳೆದ ಮೇಲೂ ಬರುತ್ತದೆ. ಲೇಸರ್ ಆ ಬಣ್ಣವನ್ನು ಪುಡಿ ಮಾಡಿ ಮೈಯೊಳಗೆ ಹರಡುತ್ತದೆ, ಅಲರ್ಜಿ ಇರುವವರಿಗೆ ಮೈಯೆಲ್ಲ ದದ್ದು ಏಳಬಹುದು. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಸೋಂಕಲ್ಲ ಅಂತ ಖಚಿತ ಆದ ಮೇಲೆ, ಮೇಲೆ ನಾನು ಬೇಡ ಅಂದ ಸ್ಟಿರಾಯ್ಡೇ ಇಲ್ಲಿ ಔಷಧಿ. ಹಚ್ಚುವುದಕ್ಕೆ ಕೊಡುತ್ತಾರೆ, ಇಲ್ಲವೇ ಆ ಜಾಗಕ್ಕೇ ಇಂಜೆಕ್ಷನ್ ಕೊಡುತ್ತಾರೆ.

ಪ್ರಶ್ನೆ (ಹುಬ್ಬಳ್ಳಿ): ನಿನ್ನೆ ಟ್ಯಾಟೂ ಆಯಿತು. ಶನಿವಾರ ಗೆಳೆಯರ ಜೊತೆ ಗೋಕರ್ಣ. ಪ್ಲಾಸ್ಟಿಕ್ ಸುತ್ತಿಕೊಂಡು ನೀರಿಗೆ ಇಳಿಯಬಹುದಾ?

ಡಾಕ್ಟರ್: ಬೇಡ. ಸಮುದ್ರ, ಹೊಳೆ, ಈಜುಕೊಳ ಯಾವುದೂ ಎರಡರಿಂದ ನಾಲ್ಕು ವಾರ ಬೇಡ, ಸಿಪ್ಪೆ ಪೂರ್ತಿ ಉದುರಿ ಚರ್ಮ ಕೂಡುವವರೆಗೆ. ಪ್ಲಾಸ್ಟಿಕ್ ಸುತ್ತಿದರೆ ಒಳಗೆ ನೀರು ನಿಂತು ಇನ್ನೂ ಕೆಟ್ಟದು. ಬೆಚ್ಚಗಿನ ಸಮುದ್ರದ ನೀರಿನಲ್ಲಿ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅಮೆರಿಕದಲ್ಲಿ ಒಬ್ಬರು ಟ್ಯಾಟೂ ಆದ ಐದನೇ ದಿನ ಮೆಕ್ಸಿಕೋ ಕೊಲ್ಲಿಯಲ್ಲಿ ಈಜಿ, ಈ ಸೋಂಕಿನಿಂದ ತೀರಿಕೊಂಡ ಪ್ರಕರಣ 2017ರಲ್ಲಿ ವರದಿಯಾಗಿದೆ. ಅವರಿಗೆ ಮೊದಲೇ ಲಿವರ್ ಕಾಯಿಲೆ ಇತ್ತು. ಕುಡಿಯುವ ಅಭ್ಯಾಸ, ಲಿವರ್ ತೊಂದರೆ, ಶುಗರ್ ಇರುವವರು ಇದನ್ನು ಎರಡು ಸಲ ಓದಿ. ಗೋಕರ್ಣಕ್ಕೆ ಹೋಗಿ ಬನ್ನಿ, ದಡದಲ್ಲಿ ನೆರಳಲ್ಲಿ ಕೂತಿರಿ.

ಪ್ರಶ್ನೆ (ಶಿವಮೊಗ್ಗ): ಮಗಳಿಗೆ 19. ಹಾಕಿಸಿಕೊಳ್ಳುತ್ತೇನೆ ಅಂತ ಹಟ. ಬೇಡ ಅಂದರೆ ಕದ್ದು ಹೋಗುತ್ತಾಳೆ. ನಾನೇ ಜೊತೆಗೆ ಹೋಗೋಣ ಅಂತಿದ್ದೇನೆ. ಏನು ನೋಡಬೇಕು?

ಡಾಕ್ಟರ್: ನೀವು ಜೊತೆಗೆ ಹೋಗುವುದು ಬಹಳ ಒಳ್ಳೆಯ ನಿರ್ಧಾರ ಅಕ್ಕ. ಸೂಜಿ ಪ್ಯಾಕೆಟ್ ನಿಮ್ಮ ಮುಂದೆ ಬಿಚ್ಚಬೇಕು, ಅದರ ಮೇಲೆ ಅವಧಿ ಮುಗಿಯುವ ತಾರೀಕು ಇರಬೇಕು. ಶಾಯಿಯನ್ನು ದೊಡ್ಡ ಬಾಟಲಿಯಿಂದ ಸಣ್ಣ ಹೊಸ ಬಟ್ಟಲಿಗೆ ಸುರಿಯಬೇಕು, ಉಳಿದದ್ದನ್ನು ಚೆಲ್ಲಬೇಕು, ವಾಪಸ್ ಬಾಟಲಿಗೆ ಹಾಕಬಾರದು. ಬಣ್ಣಕ್ಕೆ ಯಾವ ನೀರು ಬೆರೆಸುತ್ತೀರಿ ಅಂತ ಕೇಳಿ. ಸ್ಟೆರೈಲ್ ನೀರು ಅನ್ನಬೇಕು. ಫಿಲ್ಟರ್ ನೀರು ಅಂದರೆ ಎದ್ದು ಬನ್ನಿ. ಗ್ಲೌಸ್ ಹಾಕಿರುತ್ತಾರೆ, ಅದೇ ಕೈಯಲ್ಲಿ ಮೊಬೈಲ್ ಎತ್ತುತ್ತಾರೆ, ಮತ್ತೆ ಅದೇ ಕೈ ಗಾಯದ ಮೇಲೆ. ನಾನು ಮೊದಲು ಗಮನಿಸುವುದು ಇದನ್ನೇ. ಮೊಬೈಲ್ ಮುಟ್ಟಿದರೆ ಗ್ಲೌಸ್ ಬದಲಿಸಲೇಬೇಕು.

ಶಾಯಿಯ ಒಳಗೆ ಏನಿದೆ ಅನ್ನುವುದು ನೋಡಿದರೆ ಗೊತ್ತಾಗುವುದಿಲ್ಲ. 2025ರಲ್ಲಿ ನಮ್ಮ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಪರೀಕ್ಷಿಸಿದ ಶಾಯಿಗಳಲ್ಲಿ ಸೆಲೆನಿಯಂ, ಕ್ರೋಮಿಯಂ, ಆರ್ಸೆನಿಕ್ ಸೇರಿದಂತೆ 22 ಲೋಹಗಳು ಸಿಕ್ಕಿವೆ ಅಂತ ಹೇಳಿ, ನಿಯಮ ತರುವಂತೆ ಕೇಂದ್ರವನ್ನು ಕೇಳಿದರು. ಯುರೋಪಿನಲ್ಲಿ 2022ರಿಂದ ಟ್ಯಾಟೂ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದ್ದಾರೆ. ನಮ್ಮಲ್ಲೂ ಅಂಥದ್ದು ಬರಲೇಬೇಕು. ಸದ್ಯಕ್ಕೆ ಚಿಕ್ಕದು, ಕಪ್ಪು ಬಣ್ಣದ್ದು ಸಾಕು ಅಂತ ಮಗಳಿಗೆ ಹೇಳಿ.

ಅವಳಿಗೆ ಕಿವಿ ಚುಚ್ಚಿದ ಜಾಗದಲ್ಲಿ ಗಡ್ಡೆ ಬೆಳೆದಿತ್ತಾ? ಹಾಗಿದ್ದರೆ ಟ್ಯಾಟೂನೇ ಬೇಡ, ಅಲ್ಲೂ ಹಾಗೇ ಬೆಳೆಯಬಹುದು. ಮಚ್ಚೆ ಮೇಲೆ ಹಾಕಿಸಬೇಡಿ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದು ಮೊದಲು.

ಪ್ರಶ್ನೆ (ತುಮಕೂರು): ಟ್ಯಾಟೂ ಇದ್ದವರು ರಕ್ತ ಕೊಡಲೇಬಾರದಾ?

ಡಾಕ್ಟರ್: ಕೊಡಬಹುದು. ನಮ್ಮ ದೇಶದ ನಿಯಮದ ಪ್ರಕಾರ ಹಾಕಿಸಿಕೊಂಡು 12 ತಿಂಗಳು ಆಗಿರಬೇಕು. ಕೇಳಿದಾಗ ಮುಚ್ಚಿಡಬೇಡಿ.

ಪ್ರಶ್ನೆ (ಗದಗ): ಎಲ್ಲ ಓದಿದೆ ಡಾಕ್ಟ್ರೇ. ನಮ್ಮಜ್ಜಿಯ ಎರಡೂ ಕೈ ತುಂಬ ಹಚ್ಚೆ ಇತ್ತು. ಕೊರವಂಜಿ ಬಂದು ಒಂದೇ ಸೂಜಿಯಲ್ಲಿ ಓಣಿಯ ಹೆಂಗಸರಿಗೆಲ್ಲ ಹಾಕುತ್ತಿದ್ದಳಂತೆ. ಅಜ್ಜಿ ತೊಂಬತ್ತರವರೆಗೆ ಗಟ್ಟಿ ಇದ್ದರು. ಸುಮ್ನೆ ಹೆದರಿಸುತ್ತಿದ್ದೀರಾ ಅನ್ನಿಸುತ್ತದೆ.

ಡಾಕ್ಟರ್: ನಿಮ್ಮ ಅಜ್ಜಿ ಚೆನ್ನಾಗಿ ಬಾಳಿದರು ಅಂತ ಕೇಳಿ ಸಂತೋಷ. ಹಚ್ಚೆ ಹಾಕಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಅದು ನಿಜ. ಆದರೆ ಅದೇ ಓಣಿಯಲ್ಲಿ ಐವತ್ತಕ್ಕೋ ಅರವತ್ತಕ್ಕೋ ಕಾಮಾಲೆ ಆಗಿ, ಹೊಟ್ಟೆಯಲ್ಲಿ ನೀರು ತುಂಬಿ ಹೋದವರೂ ಇದ್ದಿರಬಹುದು. ಅದನ್ನು ಯಾರೂ ಹಚ್ಚೆಗೆ ಜೋಡಿಸಿ ನೋಡಲಿಲ್ಲ. ಹೆಪಟೈಟಿಸ್ ಸಿ ವೈರಸ್ ಅನ್ನುವುದು ವಿಜ್ಞಾನಿಗಳಿಗೆ ಗೊತ್ತಾಗಿದ್ದೇ 1989ರಲ್ಲಿ. ಅದು ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಲಿವರ್‌ನಲ್ಲಿ ಕೂತಿರುತ್ತದೆ.

ನಿಮ್ಮ ಮನೆಯಲ್ಲಿ ಅಮ್ಮ, ಅತ್ತೆ, ದೊಡ್ಡಮ್ಮ ಯಾರಾದರೂ ಹಾಗೆ ಹಾಕಿಸಿಕೊಂಡಿದ್ದರೆ ಒಂದು ಸಲ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಿ. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಸಿ ಸಿಕ್ಕರೆ ಸಾಮಾನ್ಯವಾಗಿ 12 ವಾರ ಮಾತ್ರೆ, 100ಕ್ಕೆ 95ರಷ್ಟು ಜನ ಪೂರ್ತಿ ಗುಣ ಆಗುತ್ತಾರೆ. ಬಿ ಸಿಕ್ಕರೆ ಹತೋಟಿಯಲ್ಲಿಡುವ ಮಾತ್ರೆ ಇದೆ. ಜೊತೆಗೆ ಮನೆಮಂದಿಗೆಲ್ಲ ಪರೀಕ್ಷೆ ಮಾಡಿಸಿ, ಸೋಂಕು ಇಲ್ಲದವರಿಗೆ ಲಸಿಕೆ ಹಾಕಿಸಿ.